ಗಾಳಿಗೆ ಕಟ್ಟಿದ ಹಗ್ಗ

ಪುಂತಾ ಅರೆನಾಸಿನ ಬಂದರಿನಲ್ಲಿ
ಯಸ್ನಾ ಮಾನ್ಸಿಯಾ ಲಾರಿಗಳನ್ನು ತೂಗುತ್ತಾಳೆ.
ಉಣ್ಣೆಯ ಮೂಟೆ, ಹೆಪ್ಪುಗಟ್ಟಿಸಿದ ಏಡಿ, ಸೌದೆ, ಸಿಮೆಂಟು,
ಬರುವಾಗ ಎಷ್ಟು, ಹೋಗುವಾಗ ಎಷ್ಟು,
ಚೀಟಿ ಹರಿದು ಕಿಟಕಿಯಾಚೆ ಚಾಚುತ್ತಾಳೆ.
ಯಾವ ಲಾರಿಯೂ ಈತನಕ
ತನ್ನ ಭಾರಕ್ಕೆ ನಾಚಿದ್ದನ್ನು ಅವಳು ಕಂಡಿಲ್ಲ.

ಮನೆಯ ತಕ್ಕಡಿ ಮಾತ್ರ
ಬಚ್ಚಲ ಮೂಲೆಯಲ್ಲಿ ಟವೆಲು ಹೊದ್ದು ಮಲಗಿದೆ.

ಹಗಲೆಲ್ಲ ಕಟ್ಟುನಿಟ್ಟು.
ಸಕ್ಕರೆಯಿಲ್ಲದ ಕಾಫಿ, ಒಂದು ಸೇಬು,
ಜೊತೆಯವರು ಬುತ್ತಿ ಬಿಚ್ಚಿದರೆ
"ನನ್ನದಾಯಿತು" ಎಂಬ ಸುಳ್ಳು, ನಗುತ್ತಲೇ.
ರಾತ್ರಿ ಹನ್ನೊಂದಕ್ಕೆ
ಫ್ರಿಜ್ಜಿನ ಬೆಳಕಲ್ಲಿ ನಿಂತು
ತಿಂದಳು.
ಬ್ರೆಡ್ಡು ತಿಂದಳು, ಬ್ರೆಡ್ಡಿಗೆ ಸವರಲು ತಂದ
ಮಂಹಾರಿನ ಡಬ್ಬಿಯನ್ನು ಬೆರಳಲ್ಲೇ ಬಳಿದಳು,
ನಾಳೆಯ ಸಾರಿಗೆಂದು ಬೇಯಿಸಿಟ್ಟ ತಣ್ಣನೆ ಆಲೂಗಡ್ಡೆ
ಉಪ್ಪೂ ಇಲ್ಲದೆ.
ನಾಲಿಗೆ ಯಾವಾಗಲೋ ನಿದ್ದೆಹೋಗಿತ್ತು,
ಕೈಯೊಂದೇ ಎಚ್ಚರ.
ತಗಡಿನ ಮಾಡಿನ ಮೇಲೆ ಗಾಳಿ
ಯಾರೋ ಪಾತ್ರೆಯ ತಳ ಕೆರೆದ ಹಾಗೆ ಕೆರೆಯುತ್ತಿತ್ತು.

ಆಮೇಲೆ ಖಾಲಿ ಪೊಟ್ಟಣಗಳನ್ನು ಮಡಿಸಿ, ಮತ್ತೆ ಮಡಿಸಿ,
ಬೆಂಕಿಪೊಟ್ಟಣದಷ್ಟು ಮಾಡಿ
ಎದುರುಮನೆ ಎಲಿಸೆಯೊನ ಕಸದ ತೊಟ್ಟಿಗೆ ಹಾಕಿ ಬರುವುದು.
ಮೂರು ವರ್ಷ ಆ ಮುದುಕ ಏನೂ ಕೇಳಲಿಲ್ಲ.
ಪ್ರತಿಜ್ಞೆ ಹುಟ್ಟುವುದೂ ಆ ಹೊತ್ತಿಗೇ:
ನಾಳೆ ಏನೂ ಇಲ್ಲ. ನಾಳೆ ಬರೀ ನೀರು.

ಆಸ್ಪತ್ರೆಯ ದಾದಿ ಒತಿಲಿಯಾ ಬೈಯಲಿಲ್ಲ.
ಅದಕ್ಕೇ ಸಿಟ್ಟು ಬಂತು ಯಸ್ನಾಗೆ.
ಬೈಸಿಕೊಳ್ಳಲೆಂದೇ ತಯಾರಾಗಿ ಹೋಗಿದ್ದಳು,
ಒಳ್ಳೆಯ ಕೋಟು ಹಾಕಿಕೊಂಡು.
"ರಾತ್ರಿಯದು ಹಾಗಿರಲಿ," ಅಂದಳು ಒತಿಲಿಯಾ,
"ಬೆಳಿಗ್ಗೆ ಏನು ತಿನ್ನುತ್ತೀ ಹೇಳು."
"ಏನೂ ಇಲ್ಲ."
"ನಿನ್ನ ರಾತ್ರಿ ಶುರುವಾಗುವುದು ಅಲ್ಲಿಂದಲೇ."

ಅಡುಗೆಮನೆಯಲ್ಲೊಂದು ಕುರ್ಚಿ ಇತ್ತು,
ಅದರ ಮೇಲೆ ಇಸ್ತ್ರಿ ಕಾಣದ ಬಟ್ಟೆಯ ಗುಡ್ಡೆ.
ಮೊದಲ ವಾರದ ಕೆಲಸ ಇಷ್ಟೇ, ಬಟ್ಟೆ ಎತ್ತಿಡುವುದು.
ಆಮೇಲೆ ಕೂರುವುದು.
ಏಳು ಗಂಟೆಗೆ, ಹಸಿವಿರಲಿ ಬಿಡಲಿ, ಓಟ್ಸಿನ ಗಂಜಿ.
ಮಧ್ಯಾಹ್ನ ಬುತ್ತಿ, ಎಲ್ಲರ ಕಣ್ಣೆದುರು.
ಮೊದಲ ದಿನ ಡಬ್ಬಿಯ ಮುಚ್ಚಳ ತೆರೆಯುವಾಗ
ಸೆರಗು ಜಾರಿದಷ್ಟು ಸಂಕೋಚ,
ಸೆರಗೇ ಇಲ್ಲದ ಊರಿನಲ್ಲಿ.
ಸಂಜೆ ಚಹಾ, ಬ್ರೆಡ್ಡು, ಹೌದು, ಬ್ರೆಡ್ಡೇ,
ಬಸಿಯಲ್ಲಿಟ್ಟು, ಚಾಕುವಿನಲ್ಲಿ ಬೆಣ್ಣೆ ಸವರಿ.
ಬೇಜಾರಿನ ಕೆಲಸ. ಹಲ್ಲುಜ್ಜಿದ ಹಾಗೆ.
ಯಾರೂ ಚಪ್ಪಾಳೆ ತಟ್ಟುವುದಿಲ್ಲ ಇದಕ್ಕೆ.

ನಲವತ್ತೊಂದನೆಯ ದಿನ
ಡ್ರೈವರ್ ರುಪೆರ್ತೊ, ಮಗಳ ಹುಟ್ಟುಹಬ್ಬದ ಕೇಕು,
ಅರ್ಧಕ್ಕಿಂತ ಹೆಚ್ಚೇ ಉಳಿದದ್ದನ್ನು,
"ನಿನಗೇ" ಎಂದು ಕಿಟಕಿಯೊಳಗಿಟ್ಟು ಹೋದ.
ಅಂದೇ ತಂಗಿಯ ಫೋನು: ಅಪ್ಪನ ದೋಣಿ ಮಾರಿಯಾಯಿತು.
ಕೇಕು ಮನೆ ತಲುಪಿತು. ಕೇಕು ಉಳಿಯಲಿಲ್ಲ.
ನಿಂತೇ ಇದ್ದಳು.
ಕುರ್ಚಿ ಪಕ್ಕದಲ್ಲೇ ಕೂತು ನೋಡಿತು.

ಬೆಳಿಗ್ಗೆ ಗಾಳಿ. ಅಂಥಿಂಥ ಗಾಳಿಯಲ್ಲ,
ಕಂಬದಿಂದ ಕಂಬಕ್ಕೆ ಪುರಸಭೆಯವರು
ಜನ ಹಿಡಿದು ನಡೆಯಲೆಂದು ಹಗ್ಗ ಕಟ್ಟುವಂಥ ಗಾಳಿ.
ಹೊಟ್ಟೆ ಕಲ್ಲು. ಬಾಯಲ್ಲಿ ಹಳೆಯ ಮಂತ್ರ: ಬರೀ ನೀರು.
ಹಗ್ಗ ಹಿಡಿದು ಹೊರಟಳು. ಮುಂದೆ ಎಲಿಸೆಯೊ.
ಗಾಳಿಯೊಂದು ಬಂತು, ಮುದುಕನ ಮಂಡಿ ನೆಲಕ್ಕೆ ತಾಗಿತು,
ಟೋಪಿ ಸಮುದ್ರದ ಪಾಲು.
ಆತ ಎದ್ದ. ಎದ್ದವನು
ಮೊದಲ ಕಂಬಕ್ಕೆ ಹಿಂತಿರುಗಲಿಲ್ಲ.
ಬಿದ್ದಲ್ಲೇ, ಕೈಗೆ ಸಿಕ್ಕ ಹಗ್ಗವನ್ನೇ
ಮತ್ತೆ ಹಿಡಿದ.

ಹಿಂತಿರುಗಿದವಳು ಯಸ್ನಾ, ಮನೆಗೆ.
ಗಂಜಿ ಇಟ್ಟಳು. ಹಾಲು ಉಕ್ಕಿತು, ಒಲೆ ಒರೆಸಿದಳು.
ಅವತ್ತು ಲಾರಿಗಳು ಇಪ್ಪತ್ತು ನಿಮಿಷ ಕಾದವು.

ರಾತ್ರಿ ಮಸೂರದ ಬೇಳೆ, ಒಂದು ಕ್ಯಾರೆಟ್ಟು,
ಬಟ್ಟಲು, ಚಮಚ, ಕುರ್ಚಿ.
ಗಾಳಿ ಕೆರೆಯುತ್ತಲೇ ಇತ್ತು.
ಯಸ್ನಾ ಉಂಡಳು.

ಮತ್ತೆ ಕೇಕಿನ ಡಬ್ಬಿ ಎತ್ತಿಕೊಂಡು,
ಮಡಿಸದೆ, ಗುಲಾಬಿ ರಿಬ್ಬನ್ನಿನ ಸಮೇತ,
ತನ್ನದೇ ತೊಟ್ಟಿಗೆ ಹಾಕಿದಳು.
ಮುಚ್ಚಳ ಪೂರ್ತಿ ಕೂರಲಿಲ್ಲ.
ಇರಲಿ ಅಂದುಕೊಂಡಳು.