ಸವೆಯುವ ಮುನ್ನ

ಹಳೆಯ ಡಿಸ್ಕಿಗೊಂದು ಮುಳ್ಳಿತ್ತು,
ತಿರುಗುವ ತಟ್ಟೆಯ ಮೇಲೆ ಅಲೆಯಬೇಕಿತ್ತು ಪಾಪ;
ಹತ್ತಿರದ್ದನ್ನು ಹತ್ತಿರವೇ ಇಡಿ ಎಂದರು ಹಿಂದಿನವರು.
ಈ ಚಿಪ್ಪಿನೊಳಗೆ ದೂರವೆಂಬುದಿಲ್ಲ.
ಸವೆತ ಉಂಟು.

ನರಿನ್ ಊರಿನ ಕೋಣೆಯಲ್ಲಿ ನುರ್ಜಾತ್
ಎರಡು ಕಾರ್ಡಿಗೆ ಎರಡು ಫೈಲ್ ಸಿಸ್ಟಮ್ ಹಾಕಿ
ಗಡಿಯಾರ ನೋಡುತ್ತ ಕೂತಿದ್ದಾಳೆ.
ಬರೆಯುವಾಗಲೇ ವೈರು ಕೀಳುವುದು ನನ್ನ ಕೆಲಸ.
ಮೂವತ್ತೇಳನೆಯ ಸಲವೂ ಎರಡೂ ಎದ್ದು ಕೂತವು:
ಒಂದು ತಡವರಿಸಿ,
ಇನ್ನೊಂದು, ಬಿದ್ದೇ ಇಲ್ಲವೆಂಬಂತೆ.
ಚಹಾ ಆರಿತು.

ಮೇಲೆ, ಹಿಮನದಿಯ ಅಂಚಿನ ಪೆಟ್ಟಿಗೆಗೆ
ಜನವರಿಯಲ್ಲಿ ಸಿಕ್ಕುವುದು ಒಂದು ಬೊಗಸೆ ಬಿಸಿಲು.
ಬ್ಯಾಟರಿ ಕಣ್ಣು ತೆರೆದು ಮುಚ್ಚುವುದರೊಳಗೆ
ಮಂಜುಗಡ್ಡೆ ಎಷ್ಟು ಜರುಗಿತೆಂದು ಬರೆದು ಮುಗಿಯಬೇಕು.
ಅಲ್ಲಿ ಯಾರಿಗೂ ಅವಸರವಿಲ್ಲ, ಬೆಳಕೊಂದಕ್ಕೆ ಬಿಟ್ಟು.

‘ಇದೇ’ ಅಂದಳು, ನೀಲಿ ಕಾರ್ಡು ಎತ್ತಿ.
ಬರೆದದ್ದರ ಮೇಲೆ ಬರೆಯದು ಇದು;
ಹುಲ್ಲು ಬೋಳಾಗುವ ಮುನ್ನ ಡೇರೆ ಕಿತ್ತು
ಮುಂದಿನ ಇಳಿಜಾರಿಗೆ ಹೊರಡುತ್ತಿದ್ದ ನನ್ನಜ್ಜನ ಹಾಗೆ
ಹೊಸ ಜಾಗ ಹುಡುಕುತ್ತದೆ,
ಹಳೆಯದನ್ನು ಪುರುಸೊತ್ತಿನಲ್ಲಿ ಗುಡಿಸುತ್ತದೆ.

ಎರಡನೆಯ ಪೆಟ್ಟಿಗೆಗೆ ಕಾರ್ಡಿರಲಿಲ್ಲ.
ತನ್ನ ಫೋನಿನದನ್ನೇ ತೆಗೆದಳು.
ಇದ್ದದ್ದೆಲ್ಲ ಅಳಿಯುತ್ತದೆ, ಆಗಬಹುದೇ? ಎಂದಿತು ಪರದೆ.
ಬೆರಳು ಅಲ್ಲೇ ನಿಂತಿತು.
ಅದರಲ್ಲಿ ಅವಳ ತಮ್ಮನ ಮದುವೆಯಿತ್ತು.