ಎಣ್ಣಿ ಹಾಕೂ ಮುಂಚೆ

ಕಪನೂರಿನ ಬ್ಯಾಳಿ ಮಿಲ್ಲಿನ ಹಿಂದಿನ ಗೋದಾಮು.
ತಿಂಗಳಿಗಿ ಮೂರು ಸಾವಿರ, ಕರೆಂಟ್ ಬಿಲ್ ಬ್ಯಾರೆ.
ಗ್ವಾಡಿಗಿ ಹನ್ನೊಂದು ಕೌದಿ ಮೊಳಿ ಹೊಡದೀವಿ,
ಅಂಬಾರಾಯನ ಮನಿಯವು ಏಳು, ಉಳಿದವು ಬೇಡಿ ತಂದವು.
ಒಂದರಾಗ ಯಾರದೋ ಕೂಸಿನ ಉಚ್ಚಿ ವಾಸನಿ ಇನ್ನಾ ಅದ.
ಮ್ಯಾಲ ತಗಡು. ಮೇ ತಿಂಗಳು.
ಫ್ಯಾನ್ ಹಚ್ಚಿದರ ಮೈಕಿನಾಗ ಬರ್ತದಂತ
ಸೈಬಣ್ಣ ಅದರ ವೈರೇ ಕಿತ್ತಿಟ್ಟಾನ.

ಸೈಬಣ್ಣ ನಮ್ಮ ಇಂಜಿನಿಯರ್.
ನಿನ್ನೆ ತನಕ ಮದುವಿ, ಉರುಸು, ಎಲೆಕ್ಷನ್ನಿಗಿ
ಲೌಡ್‌ಸ್ಪೀಕರ್ ಬಾಡಿಗಿ ಕೊಟ್ಟಂವ.
"ದೊಡ್ಡ ಆವಾಜ್ ಮಾಡಾದು ಯಾರಿಗರ ಬರ್ತದ,
ಸಣ್ಣದು ಹಿಡಿಯಾದು ನೋಡ್ರಿ ಕೆಲಸ" ಅಂತಾನ,
ಒಂದು ಕಿವಿಗಿ ಹೆಡ್‌ಫೋನ್, ಇನ್ನೊಂದರ ಸಂದಿನಾಗ ಬೀಡಿ.

ಬ್ಯಾಂಡಿನ ಹೆಸರು ಫರ್ಸಿ.
ಶಹಾಬಾದಿ ಕಲ್ಲಿನ ಮ್ಯಾಲ ಅಂಬೆಗಾಲಿಟ್ಟು
ಅದರ ಮ್ಯಾಲೇ ಜಾರಿ ಹಲ್ಲು ಮುರಕೊಂಡ ನಾಕು ಮಂದಿ.
ಇಮ್ದಾದನ ಗಿಟಾರು ಸೋಲಾಪುರದ್ದು, ಸೆಕೆಂಡ್ ಹ್ಯಾಂಡು.
ಅಂಬಾರಾಯನ ಡ್ರಮ್ಮಿಗಿ ಮೂರು ಕಂತು ಬಾಕಿ.
ನಾ ಬಾಸ್. ನನ್ನ ಯಾರೂ ಕೇಳಂಗಿಲ್ಲ,
ನಿಂತರ ಮಾತ್ರ ಏನೋ ಹೋಯ್ತಲ್ಲ ಅಂತಾರ.
ಜಗದೇವಿ ಹಗಲೆಲ್ಲ ಕೋರ್ಟಿನ ಮುಂದ
ಮಂದಿಯ ಅಫಿಡವಿಟ್ ಟೈಪ್ ಮಾಡಿ
ರಾತ್ರಿಗಿ ತನ್ನದು ಹಾಡ್ತಾಳ.

ಎರಡನೇ ಹಾಡಿಗಿ ಜಗಳಾ ಬಿತ್ತು.
"ಹೊರಟಿದ್ದೇನೆ ಅನ್ನು, ಎಲ್ಲಾರಿಗೂ ತಿಳೀಬೇಕು" ಅಂದ ಇಮ್ದಾದ.
ಏಳು ಸಲ ಅಂದು ನೋಡಿದಳು.
ಏಳೂ ಸಲ ಆ ಶಬ್ದ
ಹೊಸ ಬೂಟು ಹಾಕ್ಕೊಂಡು ಬೀಗರ ಮನಿಗಿ ಬಂದಂಗ ಬಂತು,
ಡ್ರಮ್ಮಿನ ಪೆಟ್ಟು ಉಂಡು ಕೈ ತೊಳಕೊಂಡ ಮ್ಯಾಲ.
ಎಂಟನೇದಕ್ಕ ಕಣ್ಣು ಮುಚ್ಚಿ "ಹೊಂಟೀನಿ" ಅಂದಳು.
ಅಷ್ಟೇ. ಬಾಗಲಾ ತೆರದಿತ್ತು, ಆಕಿ ಹೊರಗಿದ್ದಳು.

ಈಗ ಮಿಲ್ಲಿನ ಸುದ್ದಿಗಿ ಬರ್ತೀನಿ.
ಬಾಜೂಕ ಇಪ್ಪತ್ನಾಕು ತಾಸು ತೊಗರಿ ಒಡೀತದ.
ಆ ಗುಂಯ್ ಅನ್ನೂದು ಗ್ವಾಡಿ ದಾಟಿ, ಕೌದಿ ದಾಟಿ
ಎಲ್ಲಾ ಟೇಕಿನಾಗ ಬಂದು ಕುಂದ್ರತಿತ್ತು.
ನಾಕು ದಿನ ಬಡದಾಡಿ ಸೋತು, ಐದನೇ ದಿನ
ತಂತಿ ಸಡಿಲ ಮಾಡಿ ಅದರ ಶ್ರುತಿಗೇ ಕೂಡಿಸಿದಿವಿ.
ಯಾವ ಪೇಟಿಯೊಳಗೂ ಇಲ್ಲದ ಶ್ರುತಿ,
ಬಿಳಿ ಎರಡಕ್ಕೂ ಕರಿ ಎರಡಕ್ಕೂ ನಡುವಿನ ಸಂದಿ.
ಅವತ್ತಿಂದ ಮಿಲ್ಲು ನಮ್ಮ ಐದನೇ ಮನುಷ್ಯ.
ಚಾ ಕೇಳಲಿಲ್ಲ, ತಡಾ ಮಾಡಲಿಲ್ಲ.
ನಾಕು ಹಾಡು ಮುಗದವು.

ಆ ರಾತ್ರಿ ವಾಚಮನ್ ಭೀಮಶಾ
ಬಾಗಲದಾಗ ನಿಂತು ಕೆಮ್ಮಿದ.
ಬಯ್ಯಾದು ಬಿಟ್ಟು ಸೈಬಣ್ಣ, ಮುದುಕನ ಟಾವೆಲ್ ಸರಿಸಿ
ಹೆಡ್‌ಫೋನ್ ಹಾಕಿದ: ಕೇಳ್ರಿ ಕಾಕಾ.
ಭೀಮಶಾ ಕಣ್ಣು ಸಣ್ಣ ಮಾಡಿದ.
ನಮ್ಮ ಸಿಟ್ಟು, ಇಮ್ದಾದನ ಸೋಲೋ, ಜಗದೇವಿಯ ಹೊಂಟೀನಿ
ಎಲ್ಲಾ ಹೊಟ್ಟು ತೂರಿದಂಗ ತೂರಿ
ಒಂದೇ ಕಾಳು ಹಿಡದ:
"ಮೂರನೇ ನಂಬರ್ ಮಷೀನಿನ ಬೇರಿಂಗ್ ಹೋಗ್ಲತ್ತಾದ.
ಹಿಂಗೇ ಬಿಟ್ಟರ ವಾರ ಬಾಳಂಗಿಲ್ಲ."
ಹೆಡ್‌ಫೋನ್ ನನ್ನ ಕೈಗಿ ಕೊಟ್ಟು
ಎಣ್ಣಿ ಡಬ್ಬಿ ಹುಡಿಕ್ಯಾಡ್ಕೋತ ಹ್ವಾದ.

ಮೊದಲು ಗುಂಯ್ ನಿಂತಿತು.
ನಲವತ್ತು ದಿನದಾಗ ಮೊದಲನೇ ಸಲ
ನಮ್ಮ ಗೋದಾಮು ನಮಗ ಕೇಳಿಸಿತು.
ತಗಡು ಆರೂ ಆವಾಜ್. ವಾಡಿ ಕಡಿ ಹೊಂಟ ಗೂಡ್ಸ್ ಗಾಡಿ.
ಅಂಬಾರಾಯ ನೀರು ನುಂಗಿದ್ದು.
ಆಮ್ಯಾಲ ಮತ್ತ ಸುರುವಾತು,
ನುಣ್ಣಗ, ಕೂದಲೆಳಿಯಷ್ಟು ಮ್ಯಾಲ.

ಇಮ್ದಾದ ತಂತಿ ಮೀಟಿದ. ಕೂಡಲಿಲ್ಲ.
ಯಾರೂ ಯಾರ ಮಾರಿ ನೋಡಲಿಲ್ಲ.
ಸೈಬಣ್ಣ ಮೆಲ್ಲಕ ಅಂದ:
"ನಾ ಬಂದ್ ಮಾಡಿದ್ದೇ ಇಲ್ಲ, ಎಲ್ಲಾ ತುಂಬ್ಯಾದ. ಇಡ್ಲೇನು?"

ಅದಕ್ಕ ನೀವು ಕೇಳುವಾಗ
ನಾಕನೇ ಹಾಡಿನ ಮ್ಯಾಲ ಕೆಟ್ಟದಂತ ತಿಳದು
ಮುಂದ ಓಡಿಸಬ್ಯಾಡ್ರಿ.
ಒಂದು ಕೆಮ್ಮು ಬರ್ತದ, ಒಂದು ಗಾಡಿ ಹೋಗ್ತದ.
ಐದನೇದು ತುಸು ಎತ್ತರದಾಗ ಏಳ್ತದ.
ಆ ವಾರ ಬ್ಯಾಳಿ ಭಾಳ ಚಲೋ ಒಡದಿತ್ತಂತ,
ಭೀಮಶಾ ಹೇಳಿದ.