ಹತ್ತೊಂಬತ್ತು, ಇಪ್ಪತ್ತೆರಡು

ವಾಲ್ಪರೈಸೊ ಬಂದರಿನ ಕಚೇರಿಯಲ್ಲಿ
ಮೂವತ್ತು ವರ್ಷ ಹಡಗುಗಳ ಹೊತ್ತು ಬರೆದವನು ನಿಬಾಲ್ದೊ.
ಅಂಕಿ ಅಂದರೆ ಅವನಿಗೆ ಅಂಕಿಯೇ,
ಅದರ ಹತ್ತಿರ ದಾಕ್ಷಿಣ್ಯ ನಡೆಯದು.

ಭೂತಗನ್ನಡಿ ಹಿಡಿದು ನನ್ನ ಮೇಜಿನ ಮೇಲೆ ಬಾಗಿ
ಎರಡು ರ‍್ಯಾಮ್ ಪಟ್ಟಿಗಳ ಚೀಟಿ ಓದಿದ:
"ಹಳೆಯದಕ್ಕೆ ಹತ್ತೊಂಬತ್ತು. ಹೊಸದಕ್ಕೆ ಇಪ್ಪತ್ತೆರಡು.
ಗ್ರಿಸೆಲ್ದಾ, ಕೇಳಿದ್ದು ಕೊಡಲು ಮೂರು ಎಣಿಕೆ ಹೆಚ್ಚು ಕಾಯಿಸುವವನನ್ನು
ಯಾರಾದರೂ ದುಡ್ಡು ಕೊಟ್ಟು ಕೆಲಸಕ್ಕಿಟ್ಟುಕೊಳ್ಳುತ್ತಾರೆಯೇ?"

ನನ್ನ ಬಾಯಲ್ಲಿ ಸ್ಕ್ರೂ ಇತ್ತು.
ಉತ್ತರ ತಡವಾಯಿತು.

ಕಿಟಕಿಯಾಚೆ ತೋರಿಸಿದೆ.
ಅಂಗಡಿಯಿಂದ ಗುಡ್ಡದ ಗಾಡಿಯ ಬಾಗಿಲಿನ ತನಕ ಇಳಿಜಾರು ಓಣಿ.
ಮೀನು ಮಾರುವ ಎಲಿಯೆಸೆರ್ ಹತ್ತೊಂಬತ್ತು ಹೆಜ್ಜೆ ಹಾಕುತ್ತಾನೆ,
ಒಂದು ಇಟ್ಟು, ಉಸಿರು ಬಿಟ್ಟು, ಇನ್ನೊಂದು.
ಅವನ ಮಗಳು ಮಿಲ್ಲಾರಾಯ್ ಇಪ್ಪತ್ತೆರಡು,
ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ.
ಬಾಗಿಲು ಮೊದಲು ಮುಟ್ಟುವವಳು ಅವಳೇ,
ಕೂದಲೆಳೆಯಷ್ಟು ಮುಂಚೆ.
ನೀನು ಹೆಜ್ಜೆ ಎಣಿಸಿದೆ ಮಾರಾಯ,
ಹೆಜ್ಜೆಗೆ ಹಿಡಿದ ಹೊತ್ತನ್ನು ಬಿಟ್ಟೆ.

ಚೀಟಿಯ ಬೆನ್ನಿಗೆ ಅವನು ಭಾಗಾಕಾರ ಹಾಕಿದ.
ಹದಿನಾಲ್ಕೂ ಕಾಲು. ಹದಿಮೂರೂ ಮುಕ್ಕಾಲು.
ಏನು, ಸೆಕೆಂಡೇ? ಅಲ್ಲ, ನ್ಯಾನೊಸೆಕೆಂಡು.
"ನಮ್ಮ ಹಡಗಿನ ಪುಸ್ತಕದಲ್ಲಿ
ಇದಕ್ಕೆ ಕಾಲಮ್ಮೇ ಇರಲಿಲ್ಲ," ಅಂದ,
ಸ್ವಲ್ಪ ಅವಮಾನವಾದವನ ಹಾಗೆ.

ಆಮೇಲೆ, "ಹಳೆಯದನ್ನು ಎಸೆದುಬಿಡು."
ಯಾಕೆ ಎಸೆಯಲಿ, ಗೂಡು ಎರಡಿವೆ.
ಜೊತೆಗೆ ಹಾಕಿದರೆ ಹುಡುಗಿ ಅಪ್ಪನ ಕೈ ಹಿಡಿಯುತ್ತಾಳೆ,
ಕಾಲು ಅಗಲಿಸಿ, ಲಂಗ ಎತ್ತಿ,
ಹತ್ತೊಂಬತ್ತರಲ್ಲೇ ಮುಗಿಸಲು ಕಲಿಯುತ್ತಾಳೆ.
ಅವಳ ಆ ಅರ್ಧ ಹೋಯಿತು, ನಿಜ.
ಮೀನಿನ ಬುಟ್ಟಿ ಈಗ ಎರಡು.

ಓರೆಯಾಗಿ ತೂರಿಸಿ ಒತ್ತಿದೆ. ಕೊಂಡಿಗಳು ಟಕ್ ಅಂದವು.
ಗುಂಡಿ ಅದುಮಿದೆ.

ಕಪ್ಪು.

ಫ್ಯಾನ್ ಮಾತ್ರ ಗೊಣಗುತ್ತಿತ್ತು.
ಅವನು ಕೈಗಡಿಯಾರ ನೋಡಿದ, ನನ್ನನ್ನು ನೋಡಿದ.
ಮೊದಲ ಸಲ ಹೀಗೆಯೇ, ಕಾಯಿ, ಅಂದೆ.
ಎಷ್ಟು ಹೊತ್ತಿಗೆ ಕೂಗಬೇಕು, ಎಷ್ಟು ಹೊತ್ತಿಗೆ ಓಗೊಡಬೇಕು
ಅಂತ ಒಳಗೆ ತಾಳೆ ನೋಡುತ್ತಿರುತ್ತಾರೆ.
ಕೆಳಗೆ ಯಾವುದೋ ಹಡಗು ಸಿಳ್ಳೆ ಹಾಕಿತು.
ನಿಬಾಲ್ದೊ ಅದರ ಹೊತ್ತು ಬರೆದುಕೊಳ್ಳಲಿಲ್ಲ.

ನಲವತ್ತನೆಯ ಸೆಕೆಂಡಿಗೆ ಪರದೆ ಬೆಳಗಿತು.
ಹದಿನಾರು ಜಿಬಿ. ಅವನು ಎರಡು ಸಲ ಓದಿದ,
ಚಿಲ್ಲರೆಯನ್ನು ಮೂರು ಸಲ ಎಣಿಸಿದ.

ಅವನು ಹೋದ ಮೇಲೆ ಬಾಗಿಲಲ್ಲಿ ನಿಂತು ನಾನೂ ಎಣಿಸಿದೆ:
ಊರುಗೋಲು ಬಿಟ್ಟು, ಇಪ್ಪತ್ತೇಳು.
ನಡುವೆ ಒಂದು ಕಡೆ ನಿಂತಿದ್ದ, ಅದನ್ನು ಹೇಗೆ ಸೇರಿಸುವುದು
ಗೊತ್ತಾಗಲಿಲ್ಲ.
ಗಾಡಿಯವನು ಬಾಗಿಲು ಹಿಡಿದುಕೊಂಡೇ ಇದ್ದ.